ಓಡದ ನಾಡಿ

“ಸಾಯೋ ಹಂಗೆ ಉಸಿರೆಳೀತಿರೋ ಮನುಷ್ಯನ ನಾಡಿ ಅರವತ್ತಾರು ಹೆಂಗಮ್ಮ ಇರತ್ತೆ?”

ಮೀನಾಕ್ಷಿ ಕೇಸ್ ಶೀಟಿನ ಮೇಲೆ ಬೆರಳಿಟ್ಟು ಕೇಳಿದಳು. ಎದುರಿಗೆ ನಿಂತಿದ್ದ ನರ್ಸ್ ಹೇಮಾಶ್ರೀ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂಕಾಲು. ನಾಲ್ಕು ಗಂಟೆಗೆ ಅವಳ ಮೇಲಿನ ದೂರು ಪೊಲೀಸ್ ಠಾಣೆಗೆ ಹೋಗುವುದಿತ್ತು. ಹೋದರೆ ಕೆಲಸ ಹೋಗುತ್ತಿತ್ತು, ಕೆಲಸದ ಹಿಂದೆಯೇ ಅವಳೂ ಒಳಗೆ ಹೋಗುತ್ತಿದ್ದಳು.

ದೂರು ಇಷ್ಟೇ. ಹಳೇಬೀಡಿನ ವಿಮಲನಾಥರನ್ನು ನಿನ್ನೆ ಸಂಜೆ ಉಬ್ಬಸ ಹೆಚ್ಚಾಗಿ ಬೇಲೂರಿನ ಈ ನರ್ಸಿಂಗ್ ಹೋಮಿಗೆ ತಂದರು. ಹೇಮಾಶ್ರೀ ಏನೋ ಡ್ರಿಪ್ ಹಾಕಿದಳು. ಆಮೇಲೆ ಅವರು ಕಣ್ಣು ಬಿಟ್ಟಿಲ್ಲ. ಬರೆದವರು ವಿಮಲನಾಥರ ಹೆಂಡತಿ ಧರ್ಮಾವತಿ.

ವಿಮಲನಾಥರು ಗಾಜಿನ ಬಾಗಿಲಿನಾಚೆ, ಗಂಟಲಿಗೆ ಕೊಳವೆ ಹಾಕಿಸಿಕೊಂಡು, ಮಷೀನು ಕೊಟ್ಟಷ್ಟು ಉಸಿರಾಡುತ್ತ ಮಲಗಿದ್ದರು. ದೂರು ಠಾಣೆ ಮುಟ್ಟುವವರೆಗೂ ಅವರನ್ನು ಹೇಮಾಶ್ರೀಯೇ ನೋಡಿಕೊಳ್ಳಬೇಕು ಎಂದು ಮಾಲೀಕ ಡಾಕ್ಟರು ಹೇಳಿದ್ದರು. ಇನ್ನೊಬ್ಬ ನರ್ಸ್ ರಜೆಯಲ್ಲಿದ್ದಳು.

ಮೀನಾಕ್ಷಿ ನನ್ನ ಹೆಂಡತಿ. ಅರಸೀಕೆರೆಯಲ್ಲಿ ಮೂವತ್ತೊಂದು ವರ್ಷ ಸಿಸ್ಟರ್ ಆಗಿದ್ದು ನಿವೃತ್ತಳಾದ ಮೇಲೆ ಎರಡು ಕೊಲೆ, ಒಂದು ಬಳೆ ಕಳ್ಳತನ ಪತ್ತೆ ಮಾಡಿದ್ದಾಳೆ. ನಾನು ಲಕ್ಕಪ್ಪ, ಹಾರನಹಳ್ಳಿಗೂ ಅರಸೀಕೆರೆಗೂ ಟೆಂಪೊ ಓಡಿಸುತ್ತೇನೆ. ಇದೇ ಟೆಂಪೊದಲ್ಲಿ ಒಮ್ಮೆ ಬ್ರೇಕ್ ಹೋಗಿ ಮಾಲೇಕಲ್ಲು ಬೆಟ್ಟದ ಅಷ್ಟೂ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಿದ್ದೇನೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಜ್ಜಿಗೆ ಎಚ್ಚರವಾಗಲಿಲ್ಲ. ಈ ವಿಷಯ ಯಾವ ಪೇಪರಿನಲ್ಲೂ ಬರಲಿಲ್ಲ. ಬಳೆ ಕಳ್ಳ ಸಿಕ್ಕಿದ್ದು ಮಾತ್ರ ಫೋಟೊ ಸಮೇತ ಬಂತು. ಫೋಟೊದ ಅಂಚಿನಲ್ಲಿ ನನ್ನ ಮೊಣಕೈ ಇದೆ.

ಹೇಮಾಶ್ರೀ ಮೀನಾಕ್ಷಿಯ ಕೈಕೆಳಗೆ ಕೆಲಸ ಕಲಿತವಳು. ಇಂಜೆಕ್ಷನ್ ಹಿಡಿಯುವುದರಿಂದ ಹಿಡಿದು ಡಾಕ್ಟರಿಗೆ ಎದುರು ಮಾತಾಡುವವರೆಗೆ ಎಲ್ಲವನ್ನೂ ಮೀನಾಕ್ಷಿಯೇ ಕಲಿಸಿದ್ದು. ಬೆಳಿಗ್ಗೆ ಆ ಹುಡುಗಿ ಫೋನಿನಲ್ಲಿ ಅತ್ತದ್ದೇ ತಡ, ನನ್ನ ರೊಟ್ಟಿ ಹಂಚಿನ ಮೇಲೇ ಉಳಿಯಿತು.

“ಶುರುವಿಂದ ಹೇಳು,” ಎಂದಳು ಮೀನಾಕ್ಷಿ.

“ಏಳು ಇಪ್ಪತ್ತಕ್ಕೆ ಬಂದ್ರು ಸಿಸ್ಟರ್. ಮಂಚದ ಅಂಚಲ್ಲಿ ಕೂತು ಮಂಡಿ ಮೇಲೆ ಕೈ ಊರಿದ್ರು. ಒಂದು ಉಸಿರಿಗೆ ಒಂದೇ ಪದ. ಬೆರಳಿಗೆ ಕ್ಲಿಪ್ ಹಾಕಿದ್ರೆ ಆಕ್ಸಿಜನ್ ಎಂಬತ್ತಾರು.”

“ಮಲಗಿಸಿದ್ಯಾ?”

“ಮಲಗಿಸಿದ್ರೆ ನೀವು ನನ್ನ ಬಿಡ್ತಿದ್ರಾ? ಕೂರಿಸೇ ಆಕ್ಸಿಜನ್ ಹಾಕ್ದೆ. ಎರಡು ಮದ್ದು ಬೆರೆಸಿ ನೆಬುಲೈಸರ್ ಕೊಟ್ಟೆ. ಇಪ್ಪತ್ತು ನಿಮಿಷಕ್ಕೊಂದು ಸಲ, ಮೂರು ಸಲ. ಅವರ ಮನೆಯವರು ನಿದ್ದೆ ಇಂಜೆಕ್ಷನ್ ಕೊಡಿ, ಒದ್ದಾಡ್ತಿದಾರೆ ಅಂದ್ರು. ಕೊಡಲ್ಲ ಅಂದೆ. ಆ ಹೊತ್ತಲ್ಲಿ ನಿದ್ದೆ ಕೊಟ್ರೆ ಉಸಿರೂ ನಿದ್ದೆ ಹೋಗತ್ತೆ.”

“ಸ್ಟೀರಾಯ್ಡ್?”

“ಮೊದಲು ಮಾತ್ರೆ ಕೊಟ್ಟೆ. ಬಾಯಿ ಮುಚ್ಚಿಕೊಂಡ್ರು. ಹೊತ್ತು… ಮುಳುಗ್ತು… ಅಂದ್ರು. ಜೈನರು ಸಿಸ್ಟರ್, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಲ್ವಂತೆ. ನೀರೂ ಇಲ್ಲ. ಅದಕ್ಕೆ ಇಂಜೆಕ್ಷನ್ನೇ ಕೊಟ್ವಿ.”

ಸಾಯುವಾಗಲೂ ಗಡಿಯಾರ ನೋಡುವ ಮನುಷ್ಯ. ನನಗೆ ಸ್ವಲ್ಪ ಗೌರವ ಬಂತು. ಕೂಡಲೇ ಹೋಯಿತು, ಏಕೆಂದರೆ ಮೀನಾಕ್ಷಿಯ ಮುಖದಲ್ಲೂ ಅದೇ ಗೌರವ ಕಾಣಿಸಿತು.

“ಆಮೇಲೆ?”

“ಆಮೇಲೆ ಎದೆ ಸೊಂಯ್‌ಗುಡೋದು ನಿಂತೋಯ್ತು. ಮನೆಯವರು ಕೈ ಮುಗಿದ್ರು, ಕಮ್ಮಿ ಆಯ್ತು ಅಂತ.” ಹೇಮಾಶ್ರೀ ಕಣ್ಣೊರೆಸಿಕೊಂಡಳು. “ನಾನು ಸ್ಟೆತಸ್ಕೋಪ್ ಇಟ್ರೆ ಒಳಗೆ ಏನೂ ಇಲ್ಲ. ಶಬ್ದ ಮಾಡೋಕೂ ಗಾಳಿ ಹೋಗ್ತಿಲ್ಲ. ಅದು ಕಮ್ಮಿ ಆಗಿದ್ದಲ್ಲ, ಮುಗೀತಾ ಬಂದಿದ್ದು. ಓಡೋಗಿ ಡ್ಯೂಟಿ ಡಾಕ್ಟ್ರನ್ನ ಕರೆದೆ. ಅವರು ಹೇಳಿದ್ಮೇಲೆನೇ ಎದೆ ಸಡಿಲ ಮಾಡೋ ಮೆಗ್ನೀಸಿಯಂ ಡ್ರಿಪ್ ಹಾಕಿದ್ದು. ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮಂಪರು ಬಂತು, ಟ್ಯೂಬ್ ಹಾಕಿದ್ರು.”

“ಹೊರಗೆ ಕೂತೋರಿಗೆ ಕಂಡಿದ್ದೇನಪ್ಪಾ ಅಂದ್ರೆ, ಚೆನ್ನಾಗಾಗ್ತಿದ್ದ ಗಂಡನಿಗೆ ನೀನು ಡ್ರಿಪ್ ಹಾಕಿ ಕೆಡಿಸಿದೆ,” ಎಂದಳು ಮೀನಾಕ್ಷಿ. “ಅದು ಇರ್ಲಿ. ಈ ನಾಡಿ ಯಾರು ಬರೆದಿದ್ದು?”

“ನಾನೇ. ಮಷೀನ್ ಕೆಟ್ಟಿರ್ಬೇಕು ಅಂದ್ರು ಡಾಕ್ಟ್ರು. ಕೈಯಲ್ಲಿ ಹಿಡಿದು ಎಣಿಸಿದೆ. ಅರವತ್ನಾಲ್ಕು, ಅರವತ್ತಾರು, ಅರವತ್ತೆಂಟು.”

ಮೀನಾಕ್ಷಿ ನನ್ನ ಕಡೆ ತಿರುಗಿದಳು. ನನಗೆ ಅರ್ಥವಾಗದ್ದನ್ನು ನನಗೆ ವಿವರಿಸುವುದು ಅವಳಿಗೆ ಇಷ್ಟ.

“ನೋಡ್ರೀ. ಉಬ್ಬಸ ಇಷ್ಟು ಬಂದೋರಿಗೆ ನಾಡಿ ನೂರಿಪ್ಪತ್ತು ಓಡ್ಬೇಕು. ಮೇಲೆ ಮೂರು ಸಲ ನೆಬುಲೈಸರ್. ಆ ಮದ್ದಿಗೆ ಹಳೇಬೀಡಿನ ಕಲ್ಲಾನೆಗೆ ನಾಡಿ ಇದ್ರೂ ಕುಣೀತಿತ್ತು. ಈ ಮನುಷ್ಯನ್ದು ಊಟ ಆಗಿ ಮಲಗಿರೋ ಹಂಗೈತೆ.”

“ಗಟ್ಟಿ ಮನುಷ್ಯ,” ಎಂದೆ.

“ಯಾರೋ ಕಟ್ಟಿಹಾಕವ್ರೆ.”

ಒಳಗೆ ಹೋಗಿ ವಿಮಲನಾಥರ ಮಣಿಕಟ್ಟು ಹಿಡಿದು ಕೂತಳು. ಗಡಿಯಾರದ ಮುಳ್ಳು ಒಂದು ಸುತ್ತು ಪೂರ್ತಿ ಬರುವವರೆಗೂ ಬಿಡಲಿಲ್ಲ. ಅವಳು ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಮದುವೆಯ ದಿನ, ಅದೂ ಪುರೋಹಿತರು ಬಿಡಬೇಡಿ ಎಂದದ್ದಕ್ಕೆ.

“ನೂರಾ ನಾಲ್ಕು,” ಎಂದಳು ಹೊರಗೆ ಬಂದು. “ಇವತ್ತು ಓಡ್ತೈತೆ. ಕಟ್ಟಿದ ಹಗ್ಗ ರಾತ್ರಿನೇ ಬಿಚ್ಚೋಗೈತೆ. ಎದೆ ಡವಡವ, ಕೈ ನಡುಕಕ್ಕೆ ಒಂದು ಮಾತ್ರೆ ಬತ್ತದೆ. ನಮ್ಮಂಥೋರಿಗೆ ಒಳ್ಳೇದೇ. ಉಬ್ಬಸದೋರು ನುಂಗಿದ್ರೆ ಎದೆ ಬಿಗೀತದೆ, ಬಿಡಿಸಕ್ಕೆ ಕೊಟ್ಟ ನೆಬುಲೈಸರೂ ನಾಟಲ್ಲ. ಬೀಗ ಹಾಕಿ ಕೀ ಬಾವಿಗೆ ಎಸೆದಂಗೆ. ಹೇಮಾ, ಇವರ ಬಟ್ಟೆ ಎಲ್ಲಿ?”

ಹೇಮಾಶ್ರೀ ಒಂದು ಪ್ಲಾಸ್ಟಿಕ್ ಕವರು ತಂದಳು. ಒಳಗೆ ಪಂಚೆ, ಅಂಗಿ, ಕನ್ನಡಕ, ಬಾಯಿಗೆ ಹೊಡೆದುಕೊಳ್ಳುವ ಪಂಪು. ಅಂಗಿಯ ಜೇಬಿನಲ್ಲಿ ಮಾತ್ರೆ ಪಟ್ಟಿಯ ಒಂದು ಚೂರು ಇತ್ತು. ಎರಡು ಮಾತ್ರೆಯ ಜಾಗ, ಒಂದು ಖಾಲಿ, ಒಂದು ಹಾಗೇ ಇದೆ. ಪಟ್ಟಿಯ ಅಂಚು ಮೆಡಿಕಲ್ ಶಾಪಿನ ಕತ್ತರಿ ಕತ್ತರಿಸಿದ ಹಾಗೆ ನೇರವಾಗಿರಲಿಲ್ಲ. ಉಗುರಿನಾಕಾರದ ಸಣ್ಣ ಸಣ್ಣ ಕಚ್ಚುಗಳು, ಇಲಿ ಸಾವಧಾನವಾಗಿ ತಿಂದ ಹಾಗೆ.

ಮೀನಾಕ್ಷಿ ಪಟ್ಟಿಯ ಹಿಂದಿನ ಅಕ್ಷರ ಓದಿ ತಲೆಯಾಡಿಸಿ, ಚೂರನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಅದೇ ಮಾತ್ರೆ.

“ಹೇಮಾ, ಇವರನ್ನ ಮುಂಚೆ ಎಲ್ಲಾದ್ರೂ ನೋಡಿದ್ಯಾ?”

“ಇಲ್ಲ ಸಿಸ್ಟರ್. ನಿನ್ನೆನೇ ಮೊದಲು.”

ಧರ್ಮಾವತಿ ಹೊರಗಿನ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಐವತ್ತರ ಹೆಂಗಸು. ಮೀನಾಕ್ಷಿ ಪಕ್ಕದಲ್ಲಿ ಕೂತದ್ದಕ್ಕೆ ಸೆರಗು ಎಳೆದುಕೊಂಡರು.

“ಆ ಹುಡುಗಿ ಪರ ಮಾತಾಡಕ್ಕೆ ಬಂದಿದ್ರೆ ಎದ್ದೋಗಿ.”

“ನಿಮ್ಮ ಯಜಮಾನ್ರ ಪರ ಬಂದಿದೀನಿ ಕಣ್ರೀ. ನಿನ್ನೆ ಊಟಕ್ಕೆ ಮುಂಚೆ ಮಾತ್ರೆ ತಗೊಂಡ್ರಾ?”

ಧರ್ಮಾವತಿ ಎಳೆದುಕೊಂಡ ಸೆರಗನ್ನು ಬಿಟ್ಟು ಅವಳ ಕಡೆ ತಿರುಗಿದರು.

“ಐದೂವರೆಗೆ ಬಡಿಸಿದೆ. ಕೂರೋ ಮುಂಚೆ ಒಂದು ನುಂಗಿದ್ರು. ಏನದು ಅಂದೆ. ನಾಳಿದ್ದು ರೆಕಾರ್ಡಿಂಗ್ ಅಲ್ವಾ, ಮೈಕ್ ಮುಂದೆ ಎದೆ ಹೊಡ್ಕೋಬಾರ್ದು ಅಂದ್ರೆ ಮುಂಚಿಂದ್ಲೇ ದಿನಕ್ಕೊಂದು ನುಂಗಿ ಅಂತ ಒಬ್ರು ಕೊಟ್ರು ಅಂದ್ರು.”

“ಯಾರು?”

“ಕೇಳ್ಲಿಲ್ಲ.”

“ಯಾಕೆ?”

“ಅವರ ದನಿ ಮೆಚ್ಚಿ ಏನಾದ್ರೂ ಕೊಡೋರು ದಿನಾ ಒಬ್ರು ಇರ್ತಾರೆ. ಒಬ್ಬಳು ಜೇನುತುಪ್ಪ, ಒಬ್ಬಳು ಜ್ಯೇಷ್ಠಮಧು. ಕೇಳಿದ್ರೆ ನಿಂಗೆ ಹೊಟ್ಟೆಕಿಚ್ಚು ಅಂತಾರೆ.” ಗಾಜಿನ ಬಾಗಿಲ ಕಡೆ ನೋಡಿದರು. “ಊರೆಲ್ಲ ಮೆಚ್ಚೋ ಆ ದನಿ ಮನೇಲಿ ಸಾರಿಗೆ ಉಪ್ಪು ಕಮ್ಮಿ ಅನ್ನಕ್ಕೆ ಬಿಟ್ರೆ ಬೇರೆ ಯಾತಕ್ಕೂ ಬರಲ್ಲ. ಆದ್ರೂ ಬೇಕು ನಂಗೆ.”

ಆ ದನಿಯ ಕಥೆ ಅವರಿಂದಲೇ ತಿಳಿಯಿತು. ಹಳೇಬೀಡಿನ ದೇವಸ್ಥಾನ ನೋಡಲು ಬರುವವರ ಕಿವಿಗೆ ಸಿಕ್ಕಿಸುವ ಆಡಿಯೊ ಗೈಡ್ ತಯಾರಾಗುತ್ತಿತ್ತು. ಬೆಂಗಳೂರಿನ ತಂಡವೊಂದು ಮೂರು ದಿನದ ಹಿಂದೆ ಶಾಲೆಯ ಕೋಣೆಯಲ್ಲಿ ದನಿ ಪರೀಕ್ಷೆ ಮಾಡಿತು. ಕೊನೆಗೆ ಉಳಿದವರು ಮೂವರು. ಗೆದ್ದವರು ವಿಮಲನಾಥರು. ಎರಡು ವಾಕ್ಯಕ್ಕೊಮ್ಮೆ ಪಂಪು ಹೊಡೆದುಕೊಳ್ಳುವ ಮನುಷ್ಯ ಗೆದ್ದದ್ದು ಕೆಲವರಿಗೆ ಸರಿಬರಲಿಲ್ಲ.

“ಯಾರಿಗೆ?”

“ಗೈಡು ರಾಜಶೇಖರನಿಗೆ. ಇಪ್ಪತ್ತೆರಡು ವರ್ಷ ಆ ದೇವಸ್ಥಾನದ ಮುಂದೆ ಕಿರುಚಿದಾನೆ. ದನಿಯೆಲ್ಲ ಖರ್ಚಾಗೋಗಿದೆ.”

ಟೆಂಪೊ ಹಳೇಬೀಡು ಮುಟ್ಟಿದಾಗ ಹನ್ನೆರಡೂವರೆ. ದಾರಿಯಲ್ಲಿ ನಾನು ಒಂದೇ ಮಾತಾಡಿದೆ.

“ಆ ದನಿ ಅಷ್ಟು ಚೆನ್ನಾಗೈತಾ?”

“ಕೊಳವೆ ಹಾಕಿರೋರು ಮಾತಾಡ್ತಾರೇನ್ರೀ? ನಾನು ಕೇಳಿದ್ದು ನಾಡಿ,” ಎಂದಳು ಮೀನಾಕ್ಷಿ. ಅದರಿಂದ ಸಮಾಧಾನವಾಗಲಿಲ್ಲ.

ರಾಜಶೇಖರ್ ಎಳನೀರು ಗಾಡಿಯ ನೆರಳಲ್ಲಿ ನಿಂತಿದ್ದ. ಮಾದಿಹಳ್ಳಿಯವನು, ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬೆರಳಿಗೆ ಕೀ ಗೊಂಚಲು ಸಿಕ್ಕಿಸಿ ತಿರುಗಿಸುತ್ತಿದ್ದ. ನಮ್ಮನ್ನು ಪ್ರವಾಸಿಗರೆಂದುಕೊಂಡು ಗಂಟಲು ಸರಿಮಾಡಿಕೊಂಡ.

“ಬನ್ನಿ ಬನ್ನಿ. ಈ ಗೋಡೇಲಿ ಎಷ್ಟು ಆನೆ ಐತೆ ಗೊತ್ತಾ? ಒಂದು ಆನೆ ಥರ ಇನ್ನೊಂದಿಲ್ಲ.”

“ನಾನು ಎಣಿಸಿದೀನಿ,” ಎಂದೆ. “ಎಣಿಸ್ತಾ ಇರೋವಾಗ ಒಂದು ಆನೆ ನನ್ನ ಟೋಪಿ ಎತ್ಕೊಳ್ತು. ಲೆಕ್ಕ ತಪ್ಪೋಯ್ತು.”

ಅವನು ನನ್ನನ್ನು ಗಮನವಿಟ್ಟು ನೋಡಿದ. ಒಬ್ಬ ವೃತ್ತಿಗಾರ ಇನ್ನೊಬ್ಬನನ್ನು ಗುರುತಿಸುವ ನೋಟ ಅದು.

“ವಿಮಲನಾಥ್ರ ವಿಷಯಕ್ಕೆ ಬಂದಿದೀವಿ,” ಎಂದಳು ಮೀನಾಕ್ಷಿ.

ಕೀ ಗೊಂಚಲು ನಿಂತಿತು.

“ಪಾಪ. ಒಳ್ಳೆ ಮನುಷ್ಯ. ಉಸಿರಿಲ್ಲ ಅಷ್ಟೇ.”

“ದನಿ ಐತಲ್ಲ.”

“ದನಿ ಯಾರಿಗಿಲ್ಲಮ್ಮ? ಮಳೆ ಬರ್ಲಿ, ಬಿಸಿಲು ಬರ್ಲಿ, ಇಲ್ಲಿಂದ ಕೂಗಿದ್ರೆ ಬಸ್‌ಸ್ಟ್ಯಾಂಡಲ್ಲಿ ಕೇಳ್ಬೇಕು, ಅದು ದನಿ. ಅವರು ಮೂರು ಮಾತಾಡಿ ನಿಲ್ಸಿ ಉಸಿರು ಎಳ್ಕೊಂಡ್ರೆ, ಬೆಂಗಳೂರಿನೋರು ಆಹಾ ಎಂಥಾ ಮೌನ ಅಂದ್ರು. ಮೌನಕ್ಕೂ ಮಾರ್ಕ್ಸ್ ಕೊಡ್ತಾರೆ ಅಂತ ಗೊತ್ತಿದ್ರೆ ನಾನೂ ಇಪ್ಪತ್ತೆರಡು ವರ್ಷ ಸುಮ್ನಿರ್ತಿದ್ದೆ.”

“ನಿನ್ನೆ ಅವರನ್ನ ನೋಡಿದ್ರಾ?”

“ನೋಡ್ದೆ. ಆರೂವರೆಗೆ, ಬಸದಿ ದಾರೀಲಿ. ಜೇಬಿಂದ ಅವರೇ ಒಂದು ಮಾತ್ರೆ ತೆಗೆದ್ರು, ಬಾಯಿಗೆ ಹಾಕ್ಕೊಂಡ್ರು, ಬಾಟ್ಲಿ ಎತ್ತಿ ಗಟಗಟ ನೀರು ಕುಡುದ್ರು. ಯಾರ ಹತ್ರ ತಗೊಂಡಿದ್ರೋ ಏನೋ.”

ಮೀನಾಕ್ಷಿ ಎಳನೀರು ತೆಗೆದುಕೊಂಡು ನಿಧಾನವಾಗಿ ಅರ್ಧ ಕುಡಿದಳು.

“ನಾನು ಮಾತ್ರೆ ಸುದ್ದಿನೇ ಎತ್ತಿರ್ಲಿಲ್ಲ,” ಎಂದಳು. “ಅದು ಹೋಗ್ಲಿ. ನಿನ್ನೆ ಹೊತ್ತು ಮುಳುಗಿದ್ದೆಷ್ಟು ಹೊತ್ತಿಗೆ?”

“ಆರೂಕಾಲಿರ್ಬೇಕು.”

“ಇಪ್ಪತ್ತೆರಡು ವರ್ಷ ಬಸದಿ ತೋರಿಸಿದೀರ. ಅಲ್ಲಿ ಬರೋ ಜನ ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲ್ಲ ಅಂತ ಬಂದೋರಿಗೆಲ್ಲ ಹೇಳಿರ್ತೀರ. ವಿಮಲನಾಥ್ರು ನಿನ್ನೆ ಉಸಿರು ಹೋಗೋ ಹೊತ್ತಲ್ಲಿ ಕೊಟ್ಟ ಮಾತ್ರೆನೇ ಬೇಡ ಅಂದ್ರು. ಅಂಥೋರು ರಸ್ತೇಲಿ ನಿಂತು ಗಟಗಟ ಕುಡುದ್ರಾ?”

ರಾಜಶೇಖರ್ ಬಾಯಲ್ಲೇ ಏನೋ ಗೊಣಗಿದ. ಆ ದನಿ ಬಸ್‌ಸ್ಟ್ಯಾಂಡಿಗಿರಲಿ, ಎಳನೀರಿನವನಿಗೂ ಕೇಳಲಿಲ್ಲ.

“ಆ ಕೀ ಗೊಂಚಲು ಕೊಡಿ ಒಂದ್ನಿಮಿಷ.”

ಗೊಂಚಲಲ್ಲಿ ಮೂರು ಕೀ, ಒಂದು ನೇಲ್ ಕಟರ್. ಮೀನಾಕ್ಷಿ ಎಳನೀರಿನ ಜೊತೆ ಕೊಟ್ಟ ಸ್ಟ್ರಾದ ಕಾಗದದ ಮೇಲೆ ನೇಲ್ ಕಟರ್ ಒತ್ತಿದಳು. ಉಗುರಿನಾಕಾರದ ಕಚ್ಚು ಬಿತ್ತು. ಪಕ್ಕದಲ್ಲಿ ಮಾತ್ರೆ ಪಟ್ಟಿಯ ಚೂರು ಇಟ್ಟಳು. ಎರಡೂ ಒಂದೇ ಇಲಿ ತಿಂದದ್ದು.

“ಮಾತ್ರೆ ನಂದೇ,” ಎಂದ ರಾಜಶೇಖರ್. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಮೈಕ್ ಕಂಡ್ರೆ ಕೈ ನಡುಗ್ತದೆ ನಂಗೆ. ನಗ್ಬೇಡಿ. ಐನೂರು ಜನದ ಮುಂದೆ ನಿಂತ್ಕೋತೀನಿ, ಆ ಸಣ್ಣ ಮೈಕ್ ಮುಂದೆ ಆಗಲ್ಲ. ಡಾಕ್ಟ್ರು ಬರ್ಕೊಟ್ಟಿದ್ದು. ಆದ್ರೆ ಅವರಿಗೆ ನಾನು ಕೊಡ್ಲಿಲ್ಲ ಕಣಮ್ಮ. ನಿನ್ನೆ ಅವರ ಕೈಲಿ ನನ್ನ ಪಟ್ಟಿ ಚೂರು ಕಂಡಿದ್ದೆ, ನನ್ನ ತಲೆಗೆ ಬರ್ತದೆ ಅಂತ ಸುಳ್ಳು ಹೇಳ್ದೆ. ಅವರ ಕೈ ಯಾಕೆ ನಡುಗ್ತದೆ? ಗೆದ್ದೋರ ಕೈ ನಡುಗಲ್ಲ.”

“ಮತ್ತೆ ಈ ಚೂರು ಅವರ ಜೇಬಿಗೆ ನಡ್ಕೊಂಡೋಯ್ತಾ?”

“ಆವತ್ತು ಪರೀಕ್ಷೆಗೆ ಮೂರು ಜನ ಕೂತಿದ್ವಿ. ನಾನು, ಅವರು, ಬೇಲೂರಿಂದ ಬಂದಿದ್ದ ಒಂದು ಹುಡುಗಿ. ಆ ಹುಡುಗಿ ಕೈ ಗಡಗಡ ಅಂತಿತ್ತು. ಹೆಸರು ಕೇಳ್ಲಿಲ್ಲ. ಪಾಪ ಅಂತ ಪಟ್ಟೀಲಿ ಎರಡು ಮಾತ್ರೆ ನೇಲ್ ಕಟರಲ್ಲಿ ಕತ್ತರಿಸಿ ಕೊಟ್ಟೆ. ಮಾತ್ರೆ ಹೆಸರು ಓದಿ, ಥ್ಯಾಂಕ್ಸ್ ಅಂಕಲ್, ಆಮೇಲೆ ತಗೋತೀನಿ ಅಂದ್ಲು.”

“ಹೆಸರು ಓದಿದ್ಲಾ?” ಎಂದಳು ಮೀನಾಕ್ಷಿ.

“ಓದಿದ್ಲು. ಅಷ್ಟರಲ್ಲಿ ವಿಮಲನಾಥ್ರಿಗೆ ಕೆಮ್ಮು ಹತ್ಕೊಳ್ತು. ಬೆಂಗಳೂರಿನೋರು ಮಲಗಿಸಿ ಮಲಗಿಸಿ ಅಂತ ಓಡಾಡ್ತಾವ್ರೆ. ಆ ಹುಡುಗಿ ಬಿಡ್ಲಿಲ್ಲ. ಮಲಗಿಸ್ಬೇಡಿ ಅಂತ ಗದರಿದ್ಲು. ಕುರ್ಚಿ ಅಂಚಲ್ಲಿ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮಂಡಿ ಮೇಲೆ ಕೈ ಊರಿಸಿದ್ಲು. ಪಂಪು ಅವಳೇ ಹಿಡಿದು, ಒಂದು ಹೊಡೆದು ಉಸಿರು ಎಣಿಸಿ, ಇನ್ನೊಂದು ಹೊಡೆದ್ಲು. ಐದು ನಿಮಿಷಕ್ಕೆ ಸರಿ ಹೋದ್ರು. ಆಮೇಲೆ ಅವರೇ ಗೆದ್ರು.”

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಇಷ್ಟು ವರ್ಷದಲ್ಲಿ ಮೀನಾಕ್ಷಿಗಿಂತ ಮೊದಲು ನನಗೆ ಏನಾದರೂ ಹೊಳೆದದ್ದು ಇದೇ ಮೊದಲು. ಹೊಳೆದರೆ ಹೇಗೆ ಹೇಳಬೇಕು, ಯಾವ ಕೈ ಸೊಂಟದ ಮೇಲಿಡಬೇಕು ಎಂದು ಎಷ್ಟೋ ಸಲ ಟೆಂಪೊದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಈಗ ಬಾಯಿ ತೆರೆಯಲಾಗಲಿಲ್ಲ. ಮೀನಾಕ್ಷಿಯ ಕೈಯಲ್ಲಿ ಎಳನೀರು ಓರೆಯಾಗಿ ಸೀರೆಯ ಮೇಲೆ ಸುರಿಯುತ್ತಿತ್ತು. ಅವಳಿಗೆ ಗೊತ್ತಾಗಿರಲಿಲ್ಲ.

“ಬೇಲೂರಲ್ಲಿ ಹುಡುಗೀರು ಬೇಕಾದಷ್ಟವ್ರೆ,” ಎಂದೆ.

“ಸುಮ್ನಿರ್ರೀ.”

“ಗೆದ್ದಿದ್ದು ಹೇಳಿದಾಗ ಆ ಹುಡುಗಿ ಚಪ್ಪಾಳೆ ತಟ್ಟಿದ್ಲು,” ಎಂದ ರಾಜಶೇಖರ್. “ನಾನು ತಟ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಹೊರಗೆ ಬಂದು ನೋಡ್ತೀನಿ, ನಲ್ಲಿ ಹತ್ರ ನಿಂತು ಅಳ್ತಾವ್ಳೆ. ನಾನು ಬದುಕಿಸ್ದೆ ಅಂಕಲ್, ಅವರು ಗೆದ್ರು, ಅಂದ್ಲು. ವಿಮಲನಾಥ್ರು ಬರಲ್ಲ ಅಂದ್ರೆ ಮುಂದಿನ ಹೆಸರು ಅವಳ್ದೇ ಅಂತೆ. ಮೂರನೇದು ನಂದು. ನಿಮಗೆ ಅವಳ ದನಿ ಬೇಕಾ? ಮೂವರ್ದೂ ರೆಕಾರ್ಡ್ ಮಾಡ್ಕೊಂಡಿದೀನಿ. ರಾತ್ರಿ ನಿದ್ದೆ ಬರ್ದೇ ಇದ್ದಾಗ ಕೇಳ್ತೀನಿ, ನಂದ್ರಲ್ಲಿ ಏನು ಕಮ್ಮಿ ಅಂತ.”

ಫೋನ್ ತೆಗೆದು ಒತ್ತಿದ.

ಮೊದಲು ವಿಮಲನಾಥರು. ಏನು ಹೇಳಲಿ, ಚೆನ್ನಾಗಿತ್ತು. ನನಗೂ ಹೊಟ್ಟೆ ಉರಿಯಿತು. ಆಮೇಲೆ ರಾಜಶೇಖರ್. ಎಳನೀರಿನವನು ತಿರುಗಿ ನೋಡಿದ.

ಆಮೇಲೆ ಮೂರನೆಯದು.

“ಇಲ್ಲಿ ನಿಲ್ಲಿ. ಎಡಗಡೆಯ ಗೋಡೆ ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು ಇದೆ. ಮೇಲಿನ ಅಷ್ಟೂ ಭಾರ ಅವುಗಳ ಬೆನ್ನ ಮೇಲಿದೆ. ಆದರೆ ಬಂದವರು ಮೊದಲು ನೋಡುವುದು ಮೇಲಿನವರನ್ನು.”

ಬೆಳಿಗ್ಗೆ ನನ್ನ ರೊಟ್ಟಿ ಹಂಚಿನ ಮೇಲೇ ಉಳಿಯುವಂತೆ ಮಾಡಿದ್ದು ಇದೇ ದನಿ. ಇಲ್ಲ ಸಿಸ್ಟರ್, ನಿನ್ನೆನೇ ಮೊದಲು ಎಂದದ್ದೂ ಇದೇ.

ಮೀನಾಕ್ಷಿ ಎಳನೀರಿನ ಬುರುಡೆಯನ್ನು ಕೆಳಗಿಟ್ಟಳು. ಇಟ್ಟದ್ದು ಉರುಳಿತು. ಅದನ್ನೇ ನೋಡುತ್ತ ನಿಂತಳು.

“ಅರವತ್ತಾರು ಅಂತ ಬರೆದಿದ್ದು ಅವಳೇ ಅಲ್ವೇನ್ರೀ,” ಎಂದಳು, ಬಹಳ ಸಣ್ಣಗೆ. “ಕೊಟ್ಟೋಳು ಯಾಕೆ ಬರೀತಾಳೆ? ನೂರಿಪ್ಪತ್ತು ಅಂತ ಬರೆದಿದ್ರೆ ಯಾರು ಕೇಳ್ತಿದ್ರು? ಡಾಕ್ಟ್ರನ್ನ ಕರೆದೋಳೂ ಅವಳೇ. ಬದುಕಿಸಿದ್ದೂ ಅವಳೇ.”

ನನ್ನಲ್ಲಿ ಉತ್ತರವಿತ್ತು. ಒಂದು ಸಲ ಬದುಕಿಸಿ ಸೋತವಳು ಎರಡನೆಯ ಸಲ ಹೆದರಿ ಬದುಕಿಸಿರಬಹುದು. ಎದುರಾಳಿಯ ದನಿ ಒಂದು ವಾರ ಕೂತರೆ ಸಾಕು ಎಂದುಕೊಂಡವಳಿಗೆ, ಉಸಿರೇ ನಿಲ್ಲುವುದು ಕಂಡಾಗ ಮೀನಾಕ್ಷಿ ಕಲಿಸಿದ್ದೆಲ್ಲ ಒಟ್ಟಿಗೆ ನೆನಪಾಗಿರಬಹುದು. ನಾಡಿ ಹಿಡಿದರೆ ಸುಳ್ಳು ಬರೆಯಬಾರದು ಎನ್ನುವುದೂ ಸೇರಿ. ನಾನು ಹೇಳಲಿಲ್ಲ. ಪೇಪರಿನಲ್ಲಿ ಬರುವಂಥ ಮಾತು ಸಿಕ್ಕಿದ ದಿನವೇ ನುಂಗಬೇಕಾಯಿತು.

ಅಷ್ಟರಲ್ಲಿ ಮೀನಾಕ್ಷಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರು ಬಂತು: ಹೇಮಾ ಮಗು.

ರಾಜಶೇಖರನ ಫೋನಿನಲ್ಲಿ ದನಿ ಇನ್ನೂ ಆನೆಗಳ ವಿಷಯ ಹೇಳುತ್ತಿತ್ತು. ಮೀನಾಕ್ಷಿ ತನ್ನದನ್ನು ಸ್ಪೀಕರಿಗೆ ಹಾಕಿದಳು. ಅದೇ ದನಿ ಎರಡು ಕಡೆಯಿಂದ ಬಂತು. ರಾಜಶೇಖರ್ ತನ್ನ ಫೋನನ್ನು ನೋಡಿದ, ಅವಳದನ್ನು ನೋಡಿದ, ತನ್ನದನ್ನು ಆರಿಸಿದ.

“ಸಿಸ್ಟರ್, ಯಾರಾದ್ರೂ ಸಿಕ್ಕಿದ್ರಾ?”

“ಇನ್ನೂ ಇಲ್ಲ ಮಗಾ.” ಮೂವತ್ತೊಂದು ವರ್ಷದಲ್ಲಿ ಮೀನಾಕ್ಷಿ ಹೇಳಿದ ಸುಳ್ಳುಗಳನ್ನು ಒಂದು ಕೈಯಲ್ಲಿ ಎಣಿಸಬಹುದು. ಇದು ಕಿರುಬೆರಳು. “ಅಲ್ಲೇನು ಸುದ್ದಿ?”

“ವಿಮಲನಾಥ್ ಸರ್ ಕಣ್ಣು ಬಿಟ್ರು.”

“ಹತ್ರ ಯಾರಿದಾರೆ?”

“ಡಾಕ್ಟ್ರು ಊಟಕ್ಕೆ ಹೋದ್ರು. ಮನೆಯವರು ಮುಖ ತೊಳ್ಯೋಕೆ ಕೆಳಗೆ ಹೋಗಿದಾರೆ.” ಹಿಂದೆ ಮಷೀನು ಉಸಿರು ಬಿಡುವುದು ಕೇಳಿಸಿತು. ಬಿಟ್ಟಿತು, ಎಳೆಯಿತು. “ನಾನೊಬ್ಳೇ ಇದೀನಿ. ನನ್ನೇ ನೋಡ್ತಿದಾರೆ ಸಿಸ್ಟರ್. ಬಾಯಲ್ಲಿ ಟ್ಯೂಬ್ ಇದೆ, ಮಾತು ಬರಲ್ಲ. ಕೈಯಲ್ಲಿ ಬರೆಯೋ ಥರ ಸನ್ನೆ ಮಾಡ್ತಿದಾರೆ.”

ಮೀನಾಕ್ಷಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾಡಿ ಎಣಿಸುವುದಕ್ಕಲ್ಲ.

ಆ ಕಡೆ ಮಷೀನು ಇನ್ನೂ ಎರಡು ಉಸಿರು ಬಿಟ್ಟಿತು. ಆಮೇಲೆ ಹೇಮಾಶ್ರೀ ಮೆಲ್ಲಗೆ ಕೇಳಿದಳು.

“ಪೆನ್ನು ಕೇಳ್ತಿದಾರೆ, ಸಿಸ್ಟರ್. ಕೊಡ್ಲಾ?”